ಡಿಫೆನ್ಸ್ ಮುಗೀತು, ಥ್ಯಾಂಕ್ಸ್ ಹೇಳೋದಿದೆ

ಮೊನ್ನೆ ಸೋಮವಾರ ಪಿಎಚ್‌ಡಿ ಡಿಫೆನ್ಸ್ ಮುಗೀತು. ಫೋನ್ ಮಾಡಿದೋರ ಹತ್ರ ಸರಿಯಾಗಿ ಮಾತಾಡಕ್ಕೇ ಆಗ್ಲಿಲ್ಲ, ಗಂಟಲು ಕಟ್ತಾ ಇತ್ತು, ಅದಕ್ಕೆ ಇಲ್ಲಿ ಬರೀತಿದೀನಿ. ಕಳೆದ ವರ್ಷ ಜುಲೈಲಿ ಅಪ್ಪ ತೀರಿಕೊಂಡಿದ್ದು ನಿಮಗೆಲ್ಲ ಗೊತ್ತು, ಅದನ್ನ ಮತ್ತೆ ಬರೆಯಲ್ಲ.

ನನ್ನ ಕೆಲಸ ಏನು ಅಂತ ತುಂಬಾ ಜನ ಕೇಳಿದ್ರಿ. 2017ರಲ್ಲಿ ವರ್ಷಧಾರೆ ಅಂತ ಸರ್ಕಾರ ಮೋಡ ಬಿತ್ತನೆ ಮಾಡಿಸ್ತಲ್ಲ, ಆಗ ಅಪ್ಪ ಗದಗಿನ ಹತ್ರದ ನಮ್ಮ ಹೊಲದಲ್ಲಿ ನಿಂತು ಮೇಲೆ ನೋಡ್ತಾ "ಅದೇನ್ ಉಗ್ಗತಾರೋ ತಮ್ಮಾ?" ಅಂತ ಕೇಳಿದ್ರು. ಆಗ ನಂಗೂ ಗೊತ್ತಿರ್ಲಿಲ್ಲ. ಆಮೇಲೆ ಓದಿಕೊಂಡೆ. ಶುದ್ಧ ನೀರಿನ ಸಣ್ಣ ಹನಿ ಸೊನ್ನೆ ಡಿಗ್ರಿಗೆ ಐಸ್ ಆಗಲ್ಲ, ಮೈನಸ್ 38ರ ಹತ್ರ ಹೋಗೋ ತನಕ ನೀರಾಗೇ ಉಳೀಬಹುದು, ಅಷ್ಟರೊಳಗೆ ಐಸ್ ಆಗ್ಬೇಕಂದ್ರೆ ಅಣುಗಳ ಮೊದಲ ಸಾಲು ಕೂರಕ್ಕೆ ಒಂದು ನೆಲ ಬೇಕು, ಮೋಡ ಬಿತ್ತನೇಲಿ ಉಗ್ಗೋ ಸಿಲ್ವರ್ ಅಯೋಡೈಡ್ ಹರಳಿನ ಸಾಲುಗಳು ಐಸಿನ ಸಾಲುಗಳಿಗೆ ಹೆಚ್ಚುಕಮ್ಮಿ ಹೊಂದುತ್ತೆ, ಹಂಗಂತಾನೇ ವಾನೆಗಟ್ ಅನ್ನೋ ವಿಜ್ಞಾನಿ 1946ರಲ್ಲಿ ಅದನ್ನ ಆರಿಸಿದ್ದು. ಇದನ್ನೆಲ್ಲ ಅವ್ವನಿಗೆ ಹೇಳಿದಾಗ "ಅಂದ್ರ ಹಾಲಿಗೆ ಹೆಪ್ಪು ಹಾಕಿದಂಗ ಅನ್ನು" ಅಂದ್ಲು. ಅಷ್ಟೇ. ಆ ಹೆಪ್ಪು ನೀರಿಗೆ ತಾಗೋ ಒಂದೆರಡು ನ್ಯಾನೋಮೀಟರ್ ಜಾಗದಲ್ಲಿ ಏನು ನಡೆಯುತ್ತೆ ಅಂತ ಕಂಪ್ಯೂಟರಲ್ಲಿ ನೋಡೋದು ನನ್ನ ಕೆಲಸ. ಕಂಪ್ಯೂಟರಲ್ಲಿ ಅಣುಗಳನ್ನ ಸರಿಸೋ ಒಂದು ಹೆಜ್ಜೆ ಅಂದ್ರೆ ಎರಡು ಫೆಮ್ಟೋಸೆಕೆಂಡ್ (ಒಂದು ಫೆಮ್ಟೋಸೆಕೆಂಡ್ ಅಂದ್ರೆ ಮೈಕ್ರೋಸೆಕೆಂಡಿನ ನೂರು ಕೋಟೀಲಿ ಒಂದು ಪಾಲು), ಒಂದು ಮೈಕ್ರೋಸೆಕೆಂಡ್ ತಲುಪಕ್ಕೆ 50 ಕೋಟಿ ಹೆಜ್ಜೆ.

ಗೈಡ್ ಸರ್‌ಗೆ, ಕಂಪ್ಯೂಟರ್ ಕ್ಲಸ್ಟರ್ ನೋಡ್ಕೊಳ್ಳೋ ಇಬ್ಬರಿಗೆ, ಹೊಲ ಮನೆ ಎರಡನ್ನೂ ಹೊತ್ತ ಅಣ್ಣ ವೈನಿಗೆ, ಮೆಸ್ಸಿನಲ್ಲಿ ಲೇಟಾದ್ರೂ ಊಟ ಎತ್ತಿಡ್ತಿದ್ದ ಕಾಕಾಗೆ ದೊಡ್ಡ ನಮಸ್ಕಾರ. ನಾನು ಕಣ್ಣಲ್ಲಿ ನೋಡದ ಒಬ್ಬರಿಗೂ ಹೇಳ್ಬೇಕು, ಹೈದರಾಬಾದಿನಲ್ಲಿ ಹುಟ್ಟಿದ ವಿಜ್ಞಾನಿ ಅನೀಸುರ್ ರೆಹಮಾನ್, 1964ರಲ್ಲಿ 864 ಆರ್ಗಾನ್ ಪರಮಾಣುಗಳನ್ನ ಕಂಪ್ಯೂಟರಲ್ಲಿ ಓಡಾಡಿಸಿ, 1971ರಲ್ಲಿ ಸ್ಟಿಲಿಂಜರ್ ಜೊತೆ ಸೇರಿ 216 ನೀರಿನ ಅಣುಗಳ ತನಕ ಬಂದೋರು. ನಾವೆಲ್ಲ ನಡೀತಿರೋದು ಅವರು ಮಾಡಿದ ದಾರೀಲೇ.

ಇನ್ನು ಅಕ್ಕ. ಲ್ಯಾಬಿನ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಮುಗಿಸಿ ಸಂಶೋಧನೆ ಮಾಡ್ತಿದ್ದೋರು, ನಾವೆಲ್ಲ ಅಕ್ಕ ಅಂತಾನೇ ಕರೀತಿದ್ದಿದ್ದು. ಮಿಕ್ಕೋರು ಬೇಜಾರು ಮಾಡ್ಕೋಬೇಡಿ, ಇವರ ಬಗ್ಗೆ ಜಾಸ್ತಿ ಬರೀಲೇಬೇಕು.

ಅಪ್ಪ ಹೋಗಿ ಐದನೇ ವಾರ ಅದು. ಪೇಪರ್ ತಿದ್ದಿ ವಾಪಸ್ ಕಳಿಸೋದಿತ್ತು, ರಾತ್ರಿ ಒಂಬತ್ತಕ್ಕೆ ಮನೆಗೆ ಹೊರಟಿದ್ದ ಅಕ್ಕ ನನ್ನ ಸ್ಕ್ರೀನ್ ನೋಡಿ ನಿಂತ್ಕೊಂಡ್ರು. "ಹರಳಿನ ಹತ್ರದ ನೀರು ಒಂದು ಕಡೆ ತಿರುಗಿದ್ರೆ ಸರಿ ಕಣೋ, ಬಾಕ್ಸಿನ ನಡುವೆ ಇರೋ ನೀರು ಯಾಕೆ ತೇರು ಬಂದಾಗ ಜನ ತಿರುಗಿದಂಗೆ ಎಲ್ಲಾ ಒಂದೇ ಕಡೆ ಮುಖ ಮಾಡಿದೆ?" ಬ್ಯಾಗ್ ಕೆಳಗಿಟ್ಟು ಕೂತ್ರು. ಹನ್ನೊಂದರ ಹೊತ್ತಿಗೆ ಗೊತ್ತಾಯ್ತು. ಕಂಪ್ಯೂಟರಲ್ಲಿ ನಾನು ಇಟ್ಟಿದ್ದ ಹರಳಿನ ಹಲಗೆ, ಅಂದ್ರೆ ಸ್ಲ್ಯಾಬಿನ ಒಂದು ಮುಖದಲ್ಲಿ ಬೆಳ್ಳಿ, ಇನ್ನೊಂದರಲ್ಲಿ ಅಯೋಡೈಡ್, ಒಂದು ಪ್ಲಸ್ ಒಂದು ಮೈನಸ್, ಆ ಜೋಡಣೆಯಿಂದ ಇಡೀ ಬಾಕ್ಸಿನ ಅಡ್ಡಕ್ಕೆ ಒಂದು ಎಲೆಕ್ಟ್ರಿಕ್ ಫೀಲ್ಡ್ ಹುಟ್ಟಿಕೊಂಡಿತ್ತು, ನಿಜವಾದ ಮೋಡದ ಹನೀಲಿ ಹಂಗೆ ಇರಲ್ಲ. ಎರಡು ವರ್ಷ ಕಂಪ್ಯೂಟರಲ್ಲಿ ಓಡಿಸಿದ ರನ್‌ಗಳಲ್ಲಿ ಐಸ್ ಆಗಿದ್ದು ಹರಳಿನಿಂದ ಎಷ್ಟು, ಆ ಫೀಲ್ಡಿಂದ ಎಷ್ಟು, ಬೇರೆ ಮಾಡಕ್ಕೇ ಬರಲ್ಲ.

ಎಷ್ಟೋ ಜನಕ್ಕೆ ಹೇಳದೇ ಇರೋದನ್ನ ಈಗ ಹೇಳ್ತೀನಿ. ಅಪ್ಪ ಆಸ್ಪತ್ರೇಲಿದ್ದಾಗ ನಾನು ಊರಿಗೆ ಹೋಗದೆ ಲ್ಯಾಬಲ್ಲಿ ಕೂತು ಓಡಿಸಿದ ರನ್‌ಗಳೇ ಅವು. "ಮುಗೀತೇನೋ?" ಅಂತ ಅಪ್ಪ ಫೋನಲ್ಲಿ ಕೇಳಿದ್ರೆ "ಇನ್ನೊಂದು ರನ್ ಅಪ್ಪಾ" ಅಂತಿದ್ದೆ. ಆ ದಿನಗಳನ್ನ ಕೊಟ್ಟು ತಗೊಂಡ ಡೇಟಾ ತಪ್ಪು. ಆ ರಾತ್ರಿ ನಾನು ನೆಲದ ಮೇಲೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತೆ.

ಅಕ್ಕ ಸಮಾಧಾನ ಮಾಡ್ಲಿಲ್ಲ. ತುಂಬಾ ಹೊತ್ತು ಪಕ್ಕದಲ್ಲೇ ನೆಲದ ಮೇಲೆ ಕೂತಿದ್ರು. ಆಮೇಲೆ "ಅಪ್ಪನ ವಿಷಯಕ್ಕೆ ಏನು ಹೇಳ್ಬೇಕೋ ನಂಗೆ ಗೊತ್ತಿಲ್ಲ ಕಣೋ, ಈ ಸ್ಲ್ಯಾಬ್ ಸರಿ ಮಾಡಕ್ಕೆ ಬರುತ್ತೆ, ಮೊದ್ಲು ಉಣ್ಣು" ಅಂತ ತಮ್ಮ ಡಬ್ಬಿ ಬಿಚ್ಚಿ ಮೊಸರನ್ನ ಕೊಟ್ರು. ಅವರು ಉಣ್ಣಲಿಲ್ಲ ಅಂತ ನಂಗೆ ಹೊಳೆದಿದ್ದೇ ಬೆಳಗ್ಗೆ. ರಾತ್ರಿ ಪೂರ್ತಿ ಕೂತು ಒಂದರ ಎದುರಿಗೆ ಇನ್ನೊಂದು ಸ್ಲ್ಯಾಬ್ ಇಟ್ವಿ, ಕನ್ನಡಿ ಬಿಂಬದ ಹಾಗೆ, ಎರಡರ ಬೆಳ್ಳಿ ಮುಖವೂ ನಡುವಿನ ನೀರಿನ ಕಡೆಗೆ, ಆಗ ಒಂದರ ಫೀಲ್ಡನ್ನ ಇನ್ನೊಂದು ಕಳೆದುಬಿಡುತ್ತೆ. ಅಯೋಡೈಡ್ ಮುಖಕ್ಕೆ ಬೇರೆ ಬಾಕ್ಸ್. ಐದೂವರೆಗೆ ಕ್ಲಸ್ಟರಲ್ಲಿ ಹೊಸ ರನ್ ಹಾಕಿ ಅಕ್ಕ ಮೊದಲ ಬಸ್ಸಿಗೆ ಹೋದ್ರು.

ನಾಲ್ಕನೇ ದಿನ ಬೆಳ್ಳಿ ಮುಖದ ಮೇಲೆ ಐಸಿನ ಆರು ಮೂಲೆ ಉಂಗುರಗಳು ಒಂದೊಂದೇ ಕೂರಕ್ಕೆ ಶುರುವಾಯ್ತು, ಮೊದಲಿಗಿಂತ ನಿಧಾನ, ಆದ್ರೆ ಹರಳಿನಿಂದಾನೇ. ಅಯೋಡೈಡ್ ಮುಖದಲ್ಲಿ ಕೊನೇ ತನಕ ಬರೀ ನೀರು. ಬೇರೆ ಲ್ಯಾಬಿನೋರೂ ಇದನ್ನೇ ಕಂಡಿದಾರೆ ಅಂತ ಗೊತ್ತಿದ್ದೂ, ನಮ್ಮ ಸ್ಕ್ರೀನ್ ಮೇಲೆ ನೋಡ್ದಾಗ ಅಪ್ಪಂಗೆ ಫೋನ್ ಮಾಡಕ್ಕೆ ಕೈ ಹೋಯ್ತು.

ಅಕ್ಕ ಈಗ ಜರ್ಮನೀಲಿದಾರೆ, ಡಿಫೆನ್ಸಿನ ದಿನ ಅಲ್ಲಿ ಬೆಳಗಿನ ಜಾವ ಎದ್ದು ಆನ್‌ಲೈನಲ್ಲಿ ಕೂತಿದ್ರು. ಅಕ್ಕಾ, ನಿಮ್ಮ ಸ್ಟೀಲ್ ಡಬ್ಬಿ ನನ್ನ ಹತ್ರಾನೇ ಇದೆ. ಖಾಲಿ ಡಬ್ಬಿ ಕೊಡಬ್ಯಾಡ ಅಂದಾಳ ಅವ್ವ, ಶೇಂಗಾ ಹೋಳಿಗಿ ಮಾಡಿ ತುಂಬಿ ಕೊಡ್ತಾಳಂತೆ. ಡಿಸೆಂಬರ್‌ಗೆ ಬಂದಾಗ ಮನೆಗೇ ತಂದು ಕೊಡ್ತೀನಿ.