ಮಸಿ ಗುರುತಿನ ಬದಲು ಟ್ಯಾಗು: ನಮ್ಮ ಲಾಂಡ್ರಿಯ ಗ್ರಾಹಕರಿಗೆ ಒಂದು ಪತ್ರ

ಹುಬ್ಬಳ್ಳಿ

ಪ್ರಿಯ ಗ್ರಾಹಕರೇ,

ಬರುವ ದೀಪಾವಳಿ ಪಾಡ್ಯದಿಂದ ನಿಮ್ಮ ಬಟ್ಟೆಗಳಿಗೆ ನಾವು ಮಸಿ ಗುರುತು ಹಾಕುವುದಿಲ್ಲ. ಅದರ ಬದಲು ಕಾಲರಿನ ಒಳಗೋ ನಡುಪಟ್ಟಿಯ ಹತ್ತಿರವೋ ಒಂದು ಸಣ್ಣ ಪಟ್ಟಿ ಹೊಲಿಯುತ್ತೇವೆ. ಬೆರಳಿನಷ್ಟು ಅಗಲ, ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿ ಉದ್ದ. ನೋಡಲು ಅಂಗಡಿಯವರು ಹಚ್ಚುವ ಸೈಜ್ ಪಟ್ಟಿಯ ಹಾಗೇ ಇರುತ್ತದೆ. ಒಳಗೆ ಒಂದು ಚಿಪ್ ಇದೆ. ಇದಕ್ಕೆ ಆರ್‌ಎಫ್‌ಐಡಿ ಟ್ಯಾಗ್ ಅನ್ನುತ್ತಾರೆ. ಹೆಂಗೂ ಪಾಡ್ಯಕ್ಕೆ ಹೊಸ ಖಾತೆ ಬುಕ್ಕಿನ ಪೂಜೆ ಇದ್ದೇ ಇರುತ್ತದೆ, ಹೊಸ ಲೆಕ್ಕವೂ ಅವತ್ತೇ ಶುರುವಾಗಲಿ ಅಂತ ಆ ದಿನ ಆರಿಸಿಕೊಂಡೆವು.

ಯಾಕೆ ಈ ಉಸಾಬರಿ ಅಂತ ಕೇಳುತ್ತೀರಿ. ತಪ್ಪು ನಮ್ಮದೇ, ಮುಚ್ಚಿಡುವುದು ಬೇಡ. ಕಳೆದ ಮದುವೆ ಸೀಸನ್ನಿನಲ್ಲಿ ಒಂದು ಮನೆಯ ರೇಷ್ಮೆ ಧೋತರ ಇನ್ನೊಂದು ಮನೆಯ ಗಂಟಿನಲ್ಲಿ ಹೋಯಿತು. ನಾವು ಹುಡುಕಿ ಒಯ್ಯುವಷ್ಟರಲ್ಲಿ ಅಕ್ಕಿಕಾಳು ಬಿದ್ದು ಊಟದ ಪಂಕ್ತಿ ಕೂತಿತ್ತು. ಮದುಮಗ ಮಾವನ ಧೋತರ ಉಟ್ಟಿದ್ದ. ಅವರು ಬೈಯಲಿಲ್ಲ, ನಕ್ಕು ಊಟಕ್ಕೆ ಕೂರಿಸಿದರು. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಇನ್ನು ವಿದ್ಯಾನಗರದ ಕಡೆಯಿಂದ ಡಾಕ್ಟರಿಕೆ ಓದುವ ಮಕ್ಕಳ ಬಿಳಿ ಕೋಟುಗಳು ರಾಶಿ ರಾಶಿ ಬರುತ್ತವೆ. ಎಲ್ಲವೂ ಒಂದೇ ಬಿಳಿ, ಒಂದೇ ಹೊಲಿಗೆ. ಬ್ಲೀಚಿಗೆ ಮಸಿ ಮಾಸಿತೋ, ಯಾರದು ಯಾರದೋ.

ನಮ್ಮ ಅಜ್ಜನ ಕಾಲದಲ್ಲಿ ಹೀಗಾಗುತ್ತಿರಲಿಲ್ಲ. ಅಜ್ಜ ಕೇರುಬೀಜದ ರಸದಲ್ಲಿ ಗುರುತು ಹಾಕುತ್ತಿದ್ದ. ಒಂದು ಮನೆಗೆ ಎರಡು ಚುಕ್ಕಿ, ಇನ್ನೊಂದಕ್ಕೆ ಒಂದು ಗೆರೆ ಮೇಲೊಂದು ಚುಕ್ಕಿ. ಸುಣ್ಣ ತಾಗಿಸಿದರೆ ಕಪ್ಪು ಗಟ್ಟಿಯಾಗಿ ಕೂರುತ್ತದೆ, ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಇಂಗ್ಲಿಷಿನವರು ಆ ಬೀಜಕ್ಕೆ ಗುರುತು ಹಾಕುವ ಕಾಯಿ ಅಂತಲೇ ಹೆಸರಿಟ್ಟಿದ್ದಾರೆ. ಆದರೆ ರಸ ಚರ್ಮಕ್ಕೆ ತಾಗಿದರೆ ಗುಳ್ಳೆ ಏಳುತ್ತವೆ. ಅಜ್ಜನ ಬೆರಳ ತುದಿ ಯಾವಾಗಲೂ ಸುಲಿದಿರುತ್ತಿತ್ತು. ಮೇಲಾಗಿ ಯಾವ ಚುಕ್ಕಿ ಯಾರ ಮನೆಯದು ಅನ್ನುವುದು ಅವನ ತಲೆಯಲ್ಲಿತ್ತು. ನಾವು ಅಂಗಡಿಯ ಪೆನ್ನು ತಂದೆವು, ಆ ತಲೆ ತರಲಿಲ್ಲ.

ಟ್ಯಾಗಿನ ಕೆಲಸ ಇಷ್ಟೇ. ಅದರಲ್ಲಿ ಎಳ್ಳಿಗಿಂತ ಸಣ್ಣ ಚಿಪ್ಪು, ಅದರ ಎರಡೂ ಕಡೆ ತೆಳ್ಳಗಿನ ಲೋಹದ ದಾರದ ಆಂಟೆನಾ. ಬ್ಯಾಟರಿ ಇಲ್ಲ. ನಮ್ಮ ಕೈಯಲ್ಲಿರುವ ರೀಡರ್ ರೇಡಿಯೋ ಅಲೆ ಬಿಡುತ್ತದೆ. ಆ ಅಲೆಯ ಶಕ್ತಿಯಿಂದಲೇ ಚಿಪ್ಪಿಗೆ ಎಚ್ಚರವಾಗಿ ತನ್ನ ನಂಬರನ್ನು ವಾಪಸ್ ಕಳಿಸುತ್ತದೆ. ರೀಡರ್ ಆಫ್ ಮಾಡಿದರೆ ಮತ್ತೆ ನಿದ್ದೆ. ಇಂಥ ಕೆಲಸಕ್ಕೆ 865ರಿಂದ 868 ಮೆಗಾಹರ್ಟ್ಸ್ ನಡುವಿನ ಅಲೆಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಸರ್ಕಾರ ಬಿಟ್ಟಿದೆ. ನಿಮ್ಮ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೂಡ ಇದೇ ಜಾತಿಯದು. 2021ರ ಫೆಬ್ರುವರಿಯಲ್ಲಿ ಕಡ್ಡಾಯ ಆದಾಗ ಎಲ್ಲರೂ ಗೊಣಗಿದೆವು. ಈಗ ಬಂಕಾಪುರ ಟೋಲಿನಲ್ಲಿ ಚಿಲ್ಲರೆ ಹುಡುಕುವವರು ಎಲ್ಲಿದ್ದಾರೆ? ಬೆಂಗಳೂರಿನ ಮೆಟ್ರೋ ಟೋಕನ್ನಿನಲ್ಲಿರುವುದೂ ಇದರ ದಾಯಾದಿಯೇ. ಅದು 13.56 ಮೆಗಾಹರ್ಟ್ಸಿನದು, ಅದಕ್ಕೇ ಗೇಟಿಗೆ ತೀರಾ ಹತ್ತಿರ ಹಿಡಿಯಬೇಕು. ನಮ್ಮದು ಒಂದೆರಡು ಮೀಟರ್ ದೂರದಿಂದ ಗಂಟು ಬಿಚ್ಚದೆಯೇ ಓದುತ್ತದೆ. ಬಾರ್‌ಕೋಡ್ ಸಾಕಿತ್ತಲ್ಲ ಅಂದವರಿಗೆ ನಮ್ಮ ಉತ್ತರವೂ ಇದೇ. ಬಾರ್‌ಕೋಡನ್ನು ಒಂದೊಂದಾಗಿ ಕಣ್ಣೆದುರು ಹಿಡಿಯಬೇಕು. ಇಲ್ಲಿ ಇಡೀ ರಾಶಿ ಒಂದೇ ಸಲ ಎಣಿಕೆಯಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಬರುವ ವಿಮಾನ ನಮ್ಮದೋ ಶತ್ರುವಿನದೋ ಅಂತ ರೇಡಿಯೋದಲ್ಲೇ ಕೇಳಿ ತಿಳಿಯುತ್ತಿದ್ದರಂತೆ. ಇದರ ಬೇರು ಅಲ್ಲಿದೆ. ನಮ್ಮ ಅಂಗಡಿಯ ಪ್ರಶ್ನೆಯೂ ಅದೇ ಅಲ್ವಾ, ಇದು ಯಾರದು ಅಂತ.

ಒಬ್ಬ ಅಕ್ಕಾವ್ರು ಕೇಳಿದರು: "ಏನ್ರೀ, ನಮ್ಮ ಮನಿಯವರ ಅಂಗಿ ಎಲ್ಲೆಲ್ಲಿ ಅಡ್ಡಾಡ್ತೇತಿ ಅಂತ ನಿಮಗ ಗೊತ್ತಾಗ್ತೇತೇನು?" ಇಲ್ಲ ಅಕ್ಕಾವ್ರೆ, ಗೊತ್ತಾಗುವುದಿಲ್ಲ. ಇದರಲ್ಲಿ ಜಿಪಿಎಸ್ ಇಲ್ಲ. ಅಂಗಡಿ ದಾಟಿದ ಮೇಲೆ ನಮಗೆ ಅದರ ಸುದ್ದಿಯೇ ಇಲ್ಲ. ಇಂಥದೇ ರೀಡರ್ ಇರುವ ಬೇರೆಯವರು ಹತ್ತಿರ ಬಂದು ಹಿಡಿದರೆ ಒಂದು ನಂಬರ್ ಕಂಡೀತು, ಅದು ನಿಜ. ಆದರೆ ಟ್ಯಾಗಿನಲ್ಲಿ ನಿಮ್ಮ ಹೆಸರು, ಫೋನು, ವಿಳಾಸ ಯಾವುದೂ ಇರುವುದಿಲ್ಲ. ಯಾವ ನಂಬರ್ ಯಾರದು ಅನ್ನುವುದು ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಅದನ್ನು ಯಾರಿಗೂ ಕೊಡುವುದಿಲ್ಲ. ನೀವು ಖಾತೆ ಮುಚ್ಚಿದರೆ ಅಳಿಸುತ್ತೇವೆ.

ಇದು ಮಾಯದ ಪೆಟ್ಟಿಗೆಯೇನಲ್ಲ. ಶ್ರಾವಣದಲ್ಲಿ ನಮ್ಮ ಸ್ವಂತ ಬಟ್ಟೆಗಳ ಮೇಲೆ ಪ್ರಯೋಗ ಮಾಡಿದೆವು. ಮೊದಲ ದಿನವೇ ಎಡವಟ್ಟು. 23 ಬಟ್ಟೆ ಇಟ್ಟರೆ ರೀಡರ್ 31 ಅಂದಿತು. ತಲೆ ಕೆರೆದುಕೊಂಡು ನೋಡಿದರೆ ಹಿಂದಿನ ಸ್ಟೀಲ್ ಕಪಾಟಿಗೆ ಅಲೆ ಬಡಿದು ತಿರುಗಿ, ಪಕ್ಕದ ಗಂಟನ್ನೂ ಎಣಿಸಿಬಿಟ್ಟಿತ್ತು. ಈಗ ಕಟ್ಟಿಗೆಯ ಮೇಜು ಹಾಕಿಸಿ ಕಪಾಟು ಆಚೆ ಸರಿಸಿದ್ದೇವೆ. ಹಸಿ ಬಟ್ಟೆಯಲ್ಲೂ ತಂಟೆ. ನೀರು ಈ ಅಲೆಯನ್ನು ನುಂಗುತ್ತದೆ. ಹಾಗಾಗಿ ಎರಡೇ ಸಲ ಎಣಿಸುತ್ತೇವೆ: ನೀವು ಕೊಡುವಾಗ ನಿಮ್ಮ ಎದುರಿಗೇ, ಆಮೇಲೆ ಇಸ್ತ್ರಿಯಾಗಿ ಗಂಟು ಕಟ್ಟುವಾಗ. ಮಳೆಯಲ್ಲಿ ತೊಯ್ದ ಗಂಟು ತಂದರೆ ಅದು ಕೈ ಎಣಿಕೆಯೇ. ಒಬ್ಬರ ಗಂಟಿನಲ್ಲಿ ಇನ್ನೊಬ್ಬರ ನಂಬರ್ ಬಂದರೆ ರೀಡರ್ ಕಿರುಚುತ್ತದೆ. ಆ ಕಿರುಚಾಟಕ್ಕೇ ಇಷ್ಟು ದುಡ್ಡು ಹಾಕಿದ್ದೇವೆ.

ಟ್ಯಾಗಿಗೆ ನೀವು ಏನೂ ಕೊಡಬೇಕಿಲ್ಲ. ಒಗೆಯುವ, ಇಸ್ತ್ರಿ ಮಾಡುವ ದರವೂ ಹಾಗೇ ಇದೆ. ಇಂಥ ಟ್ಯಾಗು ಸುಮಾರು 200 ಒಗೆತ ತಾಳುತ್ತದೆ ಅನ್ನುತ್ತಾರೆ ತಯಾರಕರು. ಹಾಳಾದರೆ ಬೇರೆ ಹಾಕುತ್ತೇವೆ. ರೇಷ್ಮೆ ಸೀರೆ, ಇಳಕಲ್ ಸೀರೆ, ಜರಿಯ ಧೋತರಗಳಿಗೆ ಸೂಜಿ ಹಾಕುವುದಿಲ್ಲ. ಅವುಗಳ ಅಂಚಿಗೆ ಮೆತ್ತನೆ ದಾರದಲ್ಲಿ ಕಟ್ಟಿ, ಕೊಡುವಾಗ ಬಿಚ್ಚಿ ಕೊಡುತ್ತೇವೆ. ಎಳೆ ಕೂಸಿನ ಬಟ್ಟೆಗೂ ಹಾಗೇ, ಚುಚ್ಚಬಾರದು ನೋಡಿ. ಟ್ಯಾಗೇ ಬೇಡ ಅನ್ನುವವರು ಹೇಳಿಬಿಡಿ, ಹಳೇ ಚೀಟಿ ಪದ್ಧತಿಯಲ್ಲೇ ಮಾಡಿಕೊಡುತ್ತೇವೆ. ನಮಗೆ ಬೇಸರವಿಲ್ಲ, ಗಂಟು ಮಾತ್ರ ಒಂದು ದಿನ ತಡವಾಗಬಹುದು. ಒಂದು ಮಾತು ಮರೆಯಬೇಡಿ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಟ್ಯಾಗ್ ಇರುವ ಬಟ್ಟೆ ಹಾಕಿಕೊಳ್ಳಬೇಡಿ, ಒಳಗಿನದು ಲೋಹ. ಮನೆಯಲ್ಲಿ ಅದನ್ನು ಕತ್ತರಿಸಿ ತೆಗೆದರೂ ಬಟ್ಟೆಗೆ ಏನೂ ಆಗುವುದಿಲ್ಲ.

ಪಾಡ್ಯಕ್ಕೆ ಮೊದಲು ಒಂದು ಹಳೇ ಬಾಕಿ ತೀರಿಸಬೇಕಿದೆ. ಗುರುತು ಮಾಸಿ ವಾರಸುದಾರರು ಸಿಗದ ಬಟ್ಟೆ ನಮ್ಮಲ್ಲಿ ಐದಾರು ಉಳಿದಿವೆ. ಎರಡು ಹೂವಿನ ದಿಂಬಿನ ಕವರು, ಒಂದು ತಿಳಿ ಹಸಿರು ಖಾದಿ ಜುಬ್ಬಾ, ಎಡಗೈ ಗುಂಡಿ ಹೋದ ಬಿಳಿ ಕೋಟು, ಒಂದು ಮಗುವಿನ ಶಾಲೆ ಅಂಗಿ. ಎಲ್ಲ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇವೆ. ಕೋಟಿನ ಗುಂಡಿಯನ್ನೂ ಹಚ್ಚಿದ್ದೇವೆ. ನಿಮ್ಮದಿದ್ದರೆ ಬಂದು ನೋಡಿ ಒಯ್ಯಿರಿ.

ನಿಮ್ಮ ಲಾಂಡ್ರಿಯವರು