ಒಂದು ತೂಬು ಮುಚ್ಚಿದರೆ ನೀರು ನಿಲ್ಲುವುದೇ?

ಮಾನ್ಯ ಸಂಪಾದಕರೇ,

ಮಕ್ಕಳ ಮೂಳೆ ಕ್ಯಾನ್ಸರಿಗೆ ಇನ್ನು ಕಿಮೊಥೆರಪಿ ಬೇಕಿಲ್ಲ, ಜೀವಕೋಶದ ‘ಸಂಕೇತ’ವನ್ನೇ ತಡೆಯುವ ಮಾತ್ರೆ ಬಂದಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶವೊಂದು ನಮ್ಮ ಬಡಾವಣೆಯಲ್ಲಿ ಹರಿದಾಡುತ್ತಿದೆ. ಬೀದಿಯ ಹುಡುಗನೊಬ್ಬ ಈವಿಂಗ್ ಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದು, ಅವನ ತಂದೆ ಆ ಸಂದೇಶ ತೋರಿಸಿ ‘ಇದು ದಿಟವೇ ಮೇಷ್ಟ್ರೇ?’ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಳೆ, ಎರಡಾಗು, ಸಾಕು ನಿಲ್ಲು ಎಂಬ ಆಜ್ಞೆಗಳು ಜೀವಕೋಶದ ಹೊರಪೊರೆಯ ಗ್ರಾಹಕಗಳಿಂದ, ಅಂದರೆ ಹೊರಗಿನ ಸಂಕೇತವನ್ನು ಹಿಡಿಯುವ ಪ್ರೋಟೀನುಗಳಿಂದ ಹೊರಟು, ಪ್ರೋಟೀನಿನಿಂದ ಪ್ರೋಟೀನಿಗೆ ದಾಟುತ್ತ ಕೋಶಕೇಂದ್ರವನ್ನು ಮುಟ್ಟುತ್ತವೆ. ಈವಿಂಗ್ ಸಾರ್ಕೋಮಾದ ಬಹುಪಾಲು ರೋಗಿಗಳಲ್ಲಿ 11 ಮತ್ತು 22ನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಇಡಬ್ಲ್ಯುಎಸ್‌ಆರ್1 ಮತ್ತು ಎಫ್‌ಎಲ್‌ಐ1 ಎಂಬ ಎರಡು ಜೀನ್‌ಗಳು ಬೆಸೆದುಕೊಂಡಿರುತ್ತವೆ. ಈ ಬೆಸುಗೆಯಿಂದ ಹುಟ್ಟಿದ ಪ್ರೋಟೀನು ಕೋಶಕೇಂದ್ರದಲ್ಲೇ ಕುಳಿತು ನೂರಾರು ಜೀನ್‌ಗಳನ್ನು ತಪ್ಪಾಗಿ ಕುಣಿಸುತ್ತದೆ. ಜೊತೆಗೆ, ಹರೆಯದಲ್ಲಿ ಮೂಳೆಯನ್ನು ಬೆಳೆಸುವ ಐಜಿಎಫ್-1 ಎಂಬ ಬೆಳವಣಿಗೆ ಅಂಶದ ಸಂಕೇತವನ್ನೂ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಹಾಗಾದರೆ ಐಜಿಎಫ್-1ರ ಗ್ರಾಹಕವನ್ನೇ ಮುಚ್ಚಿಬಿಟ್ಟರೆ? ಅದನ್ನೂ ಪ್ರಯೋಗಿಸಿ ನೋಡಿದ್ದಾಗಿದೆ. ಕೆಲವೇ ರೋಗಿಗಳಲ್ಲಿ ಗಡ್ಡೆ ಕುಗ್ಗಿತು, ಅವರಲ್ಲೂ ಅನೇಕರಿಗೆ ಮರುಕಳಿಸಿತು. ವಿ.ಸಿ. ನಾಲೆಯ ಬಯಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತೂಬು ಮುಚ್ಚಿದರೆ ನೀರು ಪಕ್ಕದ ಗದ್ದೆಯ ಬದು ಒಡೆದು ಬರುತ್ತದೆ. ಇಲ್ಲಿ ಆ ಪಕ್ಕದ ದಾರಿಗಳಲ್ಲೊಂದು ಇನ್ಸುಲಿನ್ ಗ್ರಾಹಕ.

ಸಂದೇಶದಲ್ಲಿ ಸತ್ಯವೇ ಇಲ್ಲವೆಂದಲ್ಲ. ಕೂಸುಗಳಲ್ಲಿ ಕಾಣುವ ಫೈಬ್ರೋಸಾರ್ಕೋಮಾ ಎಂಬ ಮೃದು ಅಂಗಾಂಶದ ಗಡ್ಡೆ ಸಾಮಾನ್ಯವಾಗಿ ಎನ್‌ಟಿಆರ್‌ಕೆ3 ಜೀನಿನ ಬೆಸುಗೆಯೊಂದರಿಂದಲೇ ನಡೆಯುವುದರಿಂದ, 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಆ ಬೆಸುಗೆಯ ಸಂಕೇತವನ್ನು ತಡೆಯುವ ಲ್ಯಾರೊಟ್ರೆಕ್ಟಿನಿಬ್ ಎಂಬ ಔಷಧ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಒಂದು ಗಡ್ಡೆಯ ಮಾತನ್ನು ಎಲ್ಲ ಗಡ್ಡೆಗಳಿಗೂ ಅಂಟಿಸಿದ್ದೇ ತಪ್ಪು. ಮಂಡಿಯ ಆಸುಪಾಸಿನಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವ ಆಸ್ಟಿಯೋಸಾರ್ಕೋಮಾ ಎಂಬ ಇನ್ನೊಂದು ಮೂಳೆ ಕ್ಯಾನ್ಸರಿನಲ್ಲಿ ಹಾಗೆ ಗುರಿಯಿಡಬಹುದಾದ ಒಂದೇ ಬೆಸುಗೆಯಿಲ್ಲ, ವರ್ಣತಂತುಗಳೇ ಚೂರುಚೂರಾಗಿರುತ್ತವೆ. ಅಲ್ಲಿ ಕಿಮೊಥೆರಪಿ ಮತ್ತು ಶಸ್ತ್ರಚಿಕಿತ್ಸೆಯೇ ಇಂದಿಗೂ ಆಧಾರ.

ಆದ್ದರಿಂದ ಯಾವ ಮಗುವಿನ ಗಡ್ಡೆಯಲ್ಲಿ ಯಾವ ಬೆಸುಗೆಯಿದೆ ಎಂಬುದು ಬಯಾಪ್ಸಿಯ, ಅಂದರೆ ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದ, ತುಣುಕಿನಿಂದಲೇ ಗೊತ್ತಾಗಬೇಕು, ನಾವು ಎಡವುತ್ತಿರುವುದೂ ಅಲ್ಲಿಯೇ. ಮೂಳೆಯ ತುಣುಕನ್ನು ಮೆದುವಾಗಿಸಲು ತೀಕ್ಷ್ಣ ಆಮ್ಲದಲ್ಲಿ ಅದ್ದಿಟ್ಟರೆ ಅದರ ಡಿಎನ್‌ಎ, ಆರ್‌ಎನ್‌ಎ ಹಾಳಾಗಿ ಜೀನ್ ಪರೀಕ್ಷೆಗೆ ಒದಗುವುದಿಲ್ಲ. ಮೊದಲೇ ಮೆದುವಾದ ಒಂದು ಚೂರನ್ನು ಆಮ್ಲ ಮುಟ್ಟಿಸದೆ ತೆಗೆದಿಟ್ಟರೆ ಸಾಕು. ಖರ್ಚಿಲ್ಲದ ಈ ಎಚ್ಚರಿಕೆ ತಪ್ಪಿದ್ದರಿಂದ ಆ ಹುಡುಗನಿಗೆ, ಅದೂ ಬೆಳೆಯುವ ವಯಸ್ಸಿನ ನೋವೆಂದು ಎರಡು ತಿಂಗಳು ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ತಡವಾಗಿ ಬಂದವನಿಗೆ, ಬಯಾಪ್ಸಿಯನ್ನು ಎರಡನೆಯ ಸಲ ಮಾಡಬೇಕಾಯಿತು. ಎರಡನೆಯ ತುಣುಕನ್ನು ಹುದುಗಿಸಿದ್ದ ಬೆರಳುಗುರಿನಷ್ಟಗಲದ ಮೇಣದ ಬಿಲ್ಲೆಯನ್ನು ಅವನ ತಂದೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಅಂಗಿಯ ಜೇಬನ್ನು ಕೈಯಿಂದ ಒತ್ತಿ ಹಿಡಿದುಕೊಂಡು, ಬೆಂಗಳೂರಿನ ಬಸ್ಸು ಹತ್ತಿದರು. ಬಿಸಿಲಿಗೆ ಮೇಣ ಕರಗೀತೆಂದು ಕಿಟಕಿಯ ಪಕ್ಕ ಕೂರಲಿಲ್ಲವಂತೆ.

ಮಂಡ್ಯ, ಮೈಸೂರು ಜಿಲ್ಲೆಗಳ ಆಸ್ಪತ್ರೆಗಳಲ್ಲಿ ಮಕ್ಕಳ ಮೂಳೆ ಗಡ್ಡೆಯ ಒಂದು ತುಣುಕನ್ನು ಆಮ್ಲ ಮುಟ್ಟಿಸದೆ ತೆಗೆದಿಡುವ ಕ್ರಮವನ್ನು ಕಡ್ಡಾಯಗೊಳಿಸಬೇಕು ಮತ್ತು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಸಂಸ್ಥೆಗೆ ಅದನ್ನು ತಲುಪಿಸುವ ಹೊಣೆಯನ್ನು ಆಸ್ಪತ್ರೆಗಳೇ ಹೊರುವಂತೆ ಆರೋಗ್ಯ ಇಲಾಖೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಮಂಡ್ಯ