ಮಗಳಿಗೊಂದು ಪತ್ರ: ಕರೆಂಟ್ ಬಂದ ಸಂಜೆ

ಗುಳೇದಗುಡ್ಡ

ಅವ್ವಾ,

ಫೋನ್ ಮಾಡುವ ಬದಲು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ಮಾತು ನನಗೆ ಅರ್ಧಂಬರ್ಧ ಕೇಳಿಸುತ್ತದೆ. ಕೇಳದಿದ್ದರೂ ಹೂಂ ಅಂದುಬಿಡುತ್ತೇನೆ. ನಿನಗೆ ಸಿಟ್ಟು ಬರುತ್ತದೆ. ಈ ವಿಷಯ ಹಾಗೆ ಅರ್ಧಕ್ಕೆ ನಿಲ್ಲಬಾರದು.

ಶುಭ ಶುಕ್ರವಾರ ಚರ್ಚಿನ ಗೇಟಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. ನಾಲ್ಕು ಜನರ ಎದುರು ನಿನ್ನ ಕೈಯಿಂದ ಫೋನ್ ಕಿತ್ತುಕೊಳ್ಳಬಾರದಿತ್ತು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ನಾಲ್ಕನೆಯದರ ಧ್ಯಾನ ನಡೆದಿತ್ತು, ನೀನು ಆಫೀಸಿನ ಕಾಲ್ ಅಂತ ಎದ್ದು ಹೊರಗೆ ಹೋದೆ, ನನಗೆ ತಡೆಯಲಾಗಲಿಲ್ಲ. ತಪ್ಪು ನನ್ನದೇ. ಆದರೆ ನೀನು ಅಂದ ಒಂದು ಮಾತು ಇನ್ನೂ ಒಳಗೆ ಕೂತಿದೆ. "ಕರೆಂಟ್ ಬಂದ್ರೆ ದೇವರನ್ನೂ ಬಿಟ್ಟು ಎದ್ದವರು ನೀವು."

ಈಸ್ಟರಿಗೂ ನಿಲ್ಲದೆ ನೀನು ಶನಿವಾರವೇ ಹೊರಟೆ. ಬಾದಾಮಿ ಸ್ಟೇಷನ್ನಿನಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿಸಿ ನಾನು ಕಿಟಕಿಯ ಹತ್ತಿರ ನಿಂತೆ. ನೀನು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದೆ.

ಆ ಸಂಜೆ ನಿನಗೆ ನೆನಪಿದೆ ಅಂತ ನನಗೆ ಗೊತ್ತಿರಲಿಲ್ಲ, ಅವ್ವಾ. 18 ವರ್ಷ ಅದು ನನ್ನೊಬ್ಬನದೇ ಅಂದುಕೊಂಡಿದ್ದೆ.

ನಿನಗೆ ಆಗ 8 ವರ್ಷ. ಸಂಡೆ ಸ್ಕೂಲಿನ ಬಾಯಿಪಾಠದ ಸ್ಪರ್ಧೆಗೆ ಬೈಬಲಿನ ಒಂದು ಕೀರ್ತನೆ ಕಲಿತಿದ್ದೆ. ಮನೆಯ ಪ್ರಾರ್ಥನೆಯಲ್ಲಿ ಹೇಳಿ ತೋರಿಸುತ್ತೇನೆ ಅಂದೆ. ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಕಂದೀಲು ಹಚ್ಚಿ ಕೂತಿದ್ದೆವು. ನೀನು ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ, ಕಣ್ಣು ಮುಚ್ಚಿ ಶುರು ಮಾಡಿದೆ. ಎರಡು ವಚನ ಆಗಿತ್ತೋ ಇಲ್ಲವೋ, ಶೆಡ್ಡಿನ ಬಲ್ಬು ಹತ್ತಿತು. ನಾನು ಎದ್ದೆ. ನಿಮ್ಮವ್ವ ನನ್ನ ಮುಖ ನೋಡಿದಳು. ನಾನು ನೋಡದ ಹಾಗೆ ಹೋಗಿ ಎರಡೂ ಕರೆಂಟಿನ ಮಗ್ಗ ಚಾಲೂ ಮಾಡಿದೆ.

ಹಿಂತಿರುಗಿ ನೋಡಿದರೆ ನೀನು ನಿಲ್ಲಿಸಿರಲೇ ಇಲ್ಲ. ಬಾಗಿಲಿನ ಚೌಕಟ್ಟಿನೊಳಗೆ ನಿನ್ನ ತುಟಿ ಆಡುತ್ತಿದ್ದವು. ಖಟಖಟ ಸದ್ದಿನಲ್ಲಿ ಒಂದಕ್ಷರವೂ ನನಗೆ ಕೇಳಿಸಲಿಲ್ಲ. ಕಣ್ಣು ಮುಚ್ಚಿಯೇ ಪೂರ್ತಿ ಹೇಳಿದೆ. ಕೊನೆಗೆ ಆಮೆನ್ ಅಂದದ್ದು ಮಾತ್ರ ಗೊತ್ತಾಯಿತು. ಮ ಅನ್ನುವಾಗ ತುಟಿ ಕೂಡುತ್ತವಲ್ಲ, ಅದರಿಂದ. ಆಮೇಲೆ ಕಂದೀಲು ಆರಿಸಿ ಒಳಗೆ ಹೋದೆ. ಯಾವ ಕೀರ್ತನೆ ಅಂತ ನಾನು ಅವತ್ತು ಕೇಳಲಿಲ್ಲ. ಮರುದಿನವೂ ಕೇಳಲಿಲ್ಲ. ಸ್ಪರ್ಧೆಯಲ್ಲಿ ಬಹುಮಾನ ಬಂತು, ಸ್ಟೀಲ್ ಲೋಟ. ಅದರಲ್ಲಿ ಈಗಲೂ ನೀರು ಕುಡಿಯುತ್ತೇನೆ.

ಮಗ್ಗದ ಸಾಲ ಇತ್ತು, ವಾರವಾರ ಕಂತು ಕಟ್ಟಬೇಕಿತ್ತು, ಕರೆಂಟ್ ಯಾವಾಗ ಬಂದರೂ ಓಡಬೇಕಿತ್ತು. ಇದೆಲ್ಲ ನಿಜ. ಆದರೂ ಹತ್ತು ನಿಮಿಷ ತಡ ಮಾಡಿದ್ದರೆ ಎಷ್ಟು ಬಟ್ಟೆ ಕಡಿಮೆಯಾಗುತ್ತಿತ್ತು? ಇದನ್ನು ನಾನು ಸಾವಿರ ಸಲ ಲೆಕ್ಕ ಹಾಕಿದ್ದೇನೆ. ಹೆಚ್ಚೆಂದರೆ ಒಂದೆರಡು ರವಿಕೆ ಖಣ.

ನಿಮ್ಮಜ್ಜ ಹಾಗಿರಲಿಲ್ಲ. ಅವರದು ಕುಣಿಮಗ್ಗ. ಕುಣಿಯಲ್ಲಿ ಕಾಲಿಳಿಸಿ ಕೂತರೆ ಲಾಳಿಯ ತಾಳಕ್ಕೆ ಚರ್ಚಿನ ಗೀತೆ ಹೇಳುತ್ತಲೇ ಖಣ ನೇಯುತ್ತಿದ್ದರು. ಈ ಊರಿಗೆ ಕ್ರೈಸ್ತ ಪ್ರಚಾರಕರಾದ ಬಾಸೆಲ್ ಮಿಷನ್ನಿನವರು ಬಂದದ್ದು 1851ರಲ್ಲಿ. ಮಗ್ಗ ಮತ್ತು ಬೈಬಲ್ ಎರಡೂ ನಮ್ಮ ಮನೆಯಲ್ಲಿ ಒಟ್ಟಿಗೇ ಇದ್ದವು ಅಂತ ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರು. ನಾನು ಪವರ್‌ಲೂಮ್ ಹಾಕಿದ ಮೇಲೆ ಶೆಡ್ಡಿನಲ್ಲಿ ಯಾರೂ ಹಾಡಲಿಲ್ಲ. ಹಾಡಿದರೂ ಕೇಳಿಸುವುದಿಲ್ಲವಲ್ಲ.

ಜನವರಿಯಲ್ಲಿ ಬಾಗಲಕೋಟೆಗೆ ಹೋಗಿ ಕಿವಿ ತೋರಿಸಿಕೊಂಡು ಬಂದೆ. ನಿನಗೆ ಹೇಳಿರಲಿಲ್ಲ. 85 ಡೆಸಿಬಲ್ ದಾಟಿದ ಸದ್ದಿನಲ್ಲಿ ದಿನಾ 8 ಗಂಟೆ ಇದ್ದರೆ ಕಿವಿಗೆ ಅಪಾಯ, ಮಗ್ಗದ ಶೆಡ್ಡಿನಲ್ಲಿ 90 ದಾಟುತ್ತದೆ ಅಂದರು ಡಾಕ್ಟರು. ಹೋದದ್ದು ಮತ್ತೆ ಬರುವುದಿಲ್ಲವಂತೆ. ಮೊದಲು ಹೋಗುವುದು ಸಣ್ಣ ದನಿಗಳಂತೆ, ಕೀಚು ದನಿ. ಹಕ್ಕಿ. ಮಾತಿನಲ್ಲಿ ಸ, ಶ. ಮಕ್ಕಳ ದನಿ. ಅವರು ಇಷ್ಟು ಹೇಳುವಾಗ ನಾನು ಬಾಗಿಲಿನ ಚೌಕಟ್ಟಿನಲ್ಲಿ ನಿಂತ ನಿನ್ನನ್ನೇ ನೋಡುತ್ತಿದ್ದೆ.

ಅದಷ್ಟೇ ಅಲ್ಲ. ಮಗ್ಗ ನಿಂತರೂ ಕಿವಿಯೊಳಗೆ ಕುಂಯ್ ಅನ್ನುವ ಒಂದು ಸದ್ದು ನಿಲ್ಲುವುದಿಲ್ಲ. ರಾತ್ರಿ ಊರೆಲ್ಲ ಮಲಗಿದ ಮೇಲೆ ಇನ್ನೂ ಜಾಸ್ತಿ. ಮೊದಮೊದಲು ತುಂಬಾ ಹೆದರಿದೆ. ಬೈಬಲಿನ ಪ್ರವಾದಿ ಎಲೀಯನ ಕತೆ ಗೊತ್ತಲ್ಲ, ಬಿರುಗಾಳಿಯಲ್ಲಿ, ಭೂಕಂಪದಲ್ಲಿ, ಬೆಂಕಿಯಲ್ಲಿ ದೇವರು ಇರಲಿಲ್ಲ, ಆಮೇಲೆ ಮೆಲ್ಲನೆಯ ದನಿ ಬಂತು. ದೇವರು ಹಾಗೆ ಮೆಲ್ಲಗೆ ಮಾತಾಡಿದರೆ ನನ್ನಂಥವನಿಗೆ ಇನ್ನು ಕೇಳಿಸುವುದು ಹೇಗೆ? ಇದನ್ನು ನಿಮ್ಮವ್ವನಿಗೂ ಹೇಳಲಿಲ್ಲ.

ಈಸ್ಟರಿಗೆ ಮೊದಲಿನ ಶ್ರಮಕಾಲದ ಒಂದು ಬುಧವಾರ ಸಭಾಪಾಲಕರು 46ನೇ ಕೀರ್ತನೆ ತೆಗೆದರು. ಶಾಂತರಾಗಿರಿ, ನಾನೇ ದೇವರು ಅಂತ ತಿಳಿಯಿರಿ ಅನ್ನುವ ಅರ್ಥದ ಮಾತು ಇದೆಯಲ್ಲ, ಅದು. ನಾವೆಲ್ಲ ಅದನ್ನು ಗೋಡೆಗೆ ತೂಗುಹಾಕುತ್ತೇವೆ. ಆದರೆ ಇಡೀ ಕೀರ್ತನೆ ಓದಿದರೆ ಅಲ್ಲಿ ಬರೀ ಗದ್ದಲ. ಸಮುದ್ರ ಭೋರ್ಗರೆಯುತ್ತದೆ, ಬೆಟ್ಟ ನಡುಗುತ್ತದೆ, ರಾಜ್ಯಗಳು ಅಲ್ಲಾಡುತ್ತವೆ. ಆ ಗದ್ದಲದ ನಡುವೆ ಆ ಮಾತು ಬರುತ್ತದೆ. ಅಲ್ಲಿರುವ ಹೀಬ್ರೂ ಪದಕ್ಕೆ ಕೈ ಸಡಿಲ ಬಿಡು, ಹಿಡಿದದ್ದನ್ನು ಬಿಡು ಅನ್ನುವ ಅರ್ಥವೂ ಇದೆಯಂತೆ.

ಕೈ ಸಡಿಲ ಬಿಡುವುದು ನೇಕಾರನಿಗೆ ಗೊತ್ತು. ಅಜ್ಜ ರಾತ್ರಿ ಮಗ್ಗ ಬಿಟ್ಟು ಏಳುವಾಗ ಹಾಸು, ಅಂದರೆ ಉದ್ದಕ್ಕೆ ಎಳೆದು ಕಟ್ಟಿದ ನೂಲು, ಸಡಿಲ ಮಾಡಿಯೇ ಏಳುತ್ತಿದ್ದರು. ಬಿಗಿಯಾಗಿಯೇ ಬಿಟ್ಟರೆ ನೂಲು ಸೋಲುತ್ತದೆ, ಬೆಳಗ್ಗೆ ಎಳೆ ಪಟಪಟ ಕಡಿಯುತ್ತದೆ ಅನ್ನುತ್ತಿದ್ದರು. ನಾನು ಚಿಕ್ಕವನಿದ್ದಾಗ ಆ ಕೆಲಸ ನನಗೇ ಕೊಡುತ್ತಿದ್ದರು. ಹಗ್ಗ ಬಿಚ್ಚಿದಾಗ ಅಷ್ಟುದ್ದದ ನೂಲು ಒಮ್ಮೆಲೇ ಸ್ವಲ್ಪ ಕೆಳಗೆ ಕೂರುತ್ತಿತ್ತು. ಉಸಿರು ಬಿಟ್ಟ ಹಾಗೆ.

ನಿನ್ನ ಹಾಸು ರಾತ್ರಿಯೂ ಬಿಗಿಯಾಗಿಯೇ ಇರುತ್ತದೆ, ಅವ್ವಾ. ಇಲ್ಲಿದ್ದ ಮೂರು ರಾತ್ರಿಯೂ ನೋಡಿದೆ. ಎರಡು ಗಂಟೆಗೆ ನಿನ್ನ ಕೋಣೆಯ ಬಾಗಿಲ ಕೆಳಗೆ ಫೋನಿನ ಬೆಳಕು. ಬೆಳಗ್ಗೆ ನಿಂತುಕೊಂಡೇ ರೊಟ್ಟಿ ತಿಂದೆ, ಅದೂ ಅರ್ಧ. 26 ವರ್ಷಕ್ಕೆ ಎದೆ ಡವಡವ ಅನ್ನುತ್ತದೆ ಅಂತ ಮಾತ್ರೆ ತಗೊಳ್ಳುತ್ತೀಯ ಅಂತ ನಿಮ್ಮವ್ವ ಹೇಳಿದಳು. ನನಗೆ ನೀನು ಹೇಳಲಿಲ್ಲ. ನಾನು ನನ್ನ ಕಿವಿಯ ವಿಷಯ ಹೇಳಲಿಲ್ಲ, ನೀನು ನಿನ್ನ ಎದೆಯ ವಿಷಯ ಹೇಳಲಿಲ್ಲ.

ಪ್ರಾರ್ಥನೆ ಮಾಡು ಅಂದರೆ, "ಅದೂ ಒಂದು ಕೆಲಸ ಆಗಿಬಿಟ್ಟಿದೆ ಅಪ್ಪಾ" ಅಂದೆಯಲ್ಲ. ಅದಕ್ಕೆ ಅವತ್ತು ರೇಗಿದೆ. ಈಗ ಯೋಚಿಸಿದರೆ ನೀನು ಸರಿಯಾಗಿಯೇ ಹೇಳಿದ್ದೆ. ನಾನೇ ನಿನಗೆ ಅದನ್ನು ಕೆಲಸ ಅಂತ ಕಲಿಸಿದ್ದು. ಇಷ್ಟು ಅಧ್ಯಾಯ, ಇಷ್ಟು ಹೊತ್ತು. ಎಲೀಯ ಸಾಕಾಗಿ, ಇನ್ನು ಸಾಯಬೇಕು ಅಂತ ಮರದ ಕೆಳಗೆ ಬಿದ್ದಿದ್ದಾಗ ದೇವದೂತ ಬಂದು ಪ್ರಾರ್ಥನೆ ಮಾಡು ಅನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು, ಎದ್ದು ತಿನ್ನು ಅಂದ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ತಿನ್ನಿಸಿದ. ಮೆಲ್ಲನೆಯ ದನಿ ಬಂದದ್ದು ಎಷ್ಟೋ ದಿನ ಆದ ಮೇಲೆ. ನಿಮ್ಮವ್ವ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದ್ದಾಳೆ. ಪಾರ್ಸೆಲ್ ಬಂದ ಮೇಲೆ ಕೂತು ತಿನ್ನು. ಫೋನ್ ದೂರ ಇಟ್ಟು.

ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ ನೋಡು. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಒಬ್ಬನೇ ಅಡವಿಯ ಕಡೆ ಹೋಗಿ ಪ್ರಾರ್ಥಿಸುತ್ತಾನೆ. ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ. ನಿನ್ನ ಫೋನು ಇಡೀ ದಿನ ಹೇಳುವುದೂ ಇದನ್ನೇ ಅಲ್ವಾ? ಅಷ್ಟಕ್ಕೆ ಯೇಸು ಓಡಿ ವಾಪಸ್ ಬರಲಿಲ್ಲ. ಪಕ್ಕದ ಊರುಗಳಿಗೆ ಹೋಗೋಣ ಅಂದ. ಅಲ್ಲಿಯೂ ಕೆಲಸವೇ ಇತ್ತು. ಆದರೆ ಯಾವುದು ತನ್ನ ಕೆಲಸ ಅನ್ನುವುದು ಅವನಿಗೆ ಗೊತ್ತಿತ್ತು. ನೀನೂ ರಾತ್ರಿ ಫೋನನ್ನು ಬೇರೆ ಕೋಣೆಯಲ್ಲಿಡು. ಭಾನುವಾರ ಹತ್ತಿರದ ಯಾವುದಾದರೂ ಚರ್ಚಿಗೆ ಹೋಗು. ಬೆಳಗ್ಗೆ ಎದ್ದ ಕೂಡಲೇ ಮೆಸೇಜ್ ನೋಡಬೇಡ, ಹತ್ತು ನಿಮಿಷ ಏನೂ ಕೇಳದೆ, ಏನೂ ಬೇಡದೆ ಸುಮ್ನೆ ಅವನ ಮುಂದೆ ಕೂತಿರು. ನೀರು ಜಾಸ್ತಿ ಕುಡಿ. ಆಫೀಸಿನ ಮೇಲಿನವರಿಗೆ ಒಂದು ಸಲ ಆಗುವುದಿಲ್ಲ ಅಂತ ಹೇಳಿ ನೋಡು.

ಉಪದೇಶ ಮಾಡಬಾರದು ಅಂತಲೇ ಬರೆಯಲು ಕೂತೆ. ಆದರೆ ಭಯ ಸುಮ್ಮನಿರಲು ಬಿಡುವುದಿಲ್ಲ. ಮಗ್ಗದ ಸಾಲ ಕೊನೆಗೆ ತೀರಿದ್ದು ನಿನ್ನ ಸಂಬಳದಲ್ಲಿ. ಬಜಾರಿನಲ್ಲಿ ಯಾರು ಸಿಕ್ಕರೂ ಅದನ್ನು ಹೇಳುತ್ತೇನೆ, ಎದೆ ಉಬ್ಬುತ್ತದೆ. ಆಮೇಲೆ ಮನೆಗೆ ಬಂದು ಕೂತಾಗ, ಆ ದುಡ್ಡು ಎಷ್ಟು ರಾತ್ರಿಗಳದ್ದು ಅಂತ ಅನ್ನಿಸುತ್ತದೆ. ಅದನ್ನು ತಗೊಂಡ ಕೈಯಿಂದಲೇ ನಿನ್ನ ಫೋನ್ ಕಿತ್ತುಕೊಂಡೆ. ನನ್ನನ್ನು ಕ್ಷಮಿಸು.

ಈಸ್ಟರ್ ಆದ ಮಾರನೇ ದಿನದಿಂದ ಸಂಜೆ 7ಕ್ಕೆ ಎರಡೂ ಮಗ್ಗ ಬಂದ್ ಮಾಡುತ್ತಿದ್ದೇನೆ. ಕರೆಂಟ್ ಇದ್ದರೂ ಸರಿ. ಕಾಲು ಗಂಟೆ. ಮೊದಲ ದಿನ ಕೈ ಸುಮ್ಮನಿರಲಿಲ್ಲ, ಬೆರಳು ಕಡಿದ ಎಳೆಯನ್ನೇ ಹುಡುಕುತ್ತಿದ್ದವು. ಈಗ ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ನಿಮ್ಮವ್ವ ಎಡಗಡೆ ಕೂತು ಓದುತ್ತಾಳೆ. ಕಿವಿಯೊಳಗೆ ಆ ಸದ್ದು ಇದ್ದೇ ಇರುತ್ತದೆ. ಇರಲಿ ಅಂತ ಬಿಟ್ಟಿದ್ದೇನೆ. ನಿನ್ನೆ ಅದರ ನಡುವೆಯೇ ಸ್ವಲ್ಪ ಹೊತ್ತು, ಎಷ್ಟೋ ವರ್ಷದ ಮೇಲೆ, ನನ್ನ ಒಳಗೆ ಏನೂ ಓಡುತ್ತಿರಲಿಲ್ಲ. ಅದನ್ನು ಇದಕ್ಕಿಂತ ಜಾಸ್ತಿ ಹೇಳಲು ನನಗೆ ಬರುವುದಿಲ್ಲ. ಕಣ್ಣಲ್ಲಿ ನೀರು ಬಂತು.

ಆ ಸಂಜೆ ನೀನು ಹೇಳಿದ್ದು ಯಾವ ಕೀರ್ತನೆ? ಫೋನಿನಲ್ಲಿ ಹೇಳಬೇಡ, ತಪ್ಪು ಕೇಳಿಸಿಕೊಳ್ಳುತ್ತೇನೆ. ಬರೆದೂ ಕಳಿಸಬೇಡ. ಮುಂದಿನ ಸಲ ಬಂದಾಗ ನನ್ನ ಎಡಗಡೆ ಕೂತು ಹೇಳುತ್ತೀಯಾ? ಆ ಕಿವಿ ಇನ್ನೂ ಸ್ವಲ್ಪ ಚೆನ್ನಾಗಿದೆ. ಮಗ್ಗ ಬಂದ್ ಮಾಡಿರುತ್ತೇನೆ.

ನಿನ್ನ ಅಪ್ಪ